ಪುಣೆಯಲ್ಲಿ ಮೂವರ ಪಂಕ್ತಿ

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮುಕ್ತಾ ನಮ್ಮ ಕೈಗೆ ಬಂದಳು. ಭಾನುವಾರ ನಾವು ಪುಣೆ ಬಿಡಬೇಕಿತ್ತು. ನಾನು, ನನ್ನ ಗಂಡ ಗಿರೀಶ ಇಂಗ್ಲೆಂಡಿನ ಲೀಡ್ಸಿನಿಂದ ಬಂದು ಐದು ವಾರಗಳಾಗಿದ್ದವು. ನಾಲ್ಕು ವರ್ಷದ ಈ ಹುಡುಗಿಯನ್ನು ದತ್ತು ತೆಗೆದುಕೊಳ್ಳಲು ಬೇಕಾದ ಆದೇಶ, ಪಾಸ್‌ಪೋರ್ಟ್, ವೀಸಾ ಒಂದೊಂದಾಗಿ ಕೈಸೇರುವಷ್ಟರಲ್ಲಿ ನಾವು ನೋಡಿದ ಪುಣೆ ಎಂದರೆ ಕಚೇರಿಗಳ ಬೆಂಚು ಮತ್ತು ಝೆರಾಕ್ಸ್ ಅಂಗಡಿಗಳು. ಶನಿವಾರವಾಡೆ ನೋಡಿದಿರಾ ಎಂದು ಯಾರಾದರೂ ಕೇಳಿದರೆ, ಅದರ ಹತ್ತಿರದ ನೋಟರಿಯನ್ನು ನೋಡಿದ್ದೇವೆ ಎನ್ನುತ್ತಿದ್ದ ಗಿರೀಶ.

ಮಕ್ಕಳ ಸಂಸ್ಥೆ ಇದ್ದದ್ದು ಕಾತ್ರಜದ ಆಚೆ. ನಾವು ಇಳಿದುಕೊಂಡಿದ್ದು ಮಗರಪಟ್ಟಾದಲ್ಲಿ, ನನ್ನ ಅಣ್ಣನ ಮನೆಯಲ್ಲಿ. ನಡುವೆ ಹದಿನೈದು ಕಿಲೋಮೀಟರ್, ಮಳೆಗಾಲದಲ್ಲಿ ಆಟೋದವನ ಮರ್ಜಿಯಂತೆ ಒಂದು ಗಂಟೆ. ದಿನವೂ ಮೂರರಿಂದ ಐದರವರೆಗೆ ಮುಕ್ತಾಳ ಜೊತೆ ಆಡಲು ನಮಗೆ ಅನುಮತಿ ಇತ್ತು. ಅವಳು ನಗುವುದನ್ನು, ಜಗಳವಾಡುವುದನ್ನು, ನಿದ್ದೆಗಣ್ಣಲ್ಲಿ ತೂಕಡಿಸುವುದನ್ನು ನೋಡಿದ್ದೆವು. ಉಣ್ಣುವುದನ್ನು ಮಾತ್ರ ನೋಡಿರಲಿಲ್ಲ. ನೋಡಬೇಕಿತ್ತೆಂದು ಹೊಳೆದಿರಲೂ ಇಲ್ಲ.

ಗುರುವಾರ ಮಧ್ಯಾಹ್ನ ಅಣ್ಣನ ಹೆಂಡತಿ ನಲಿನಿ ವೈನಿ ಶಾವಿಗೆ ಪಾಯಸ ಮಾಡಿ, ಒಂದೇ ಒಂದು ಬೆಳ್ಳಿ ತಟ್ಟೆ ಇಟ್ಟು, ಮುಕ್ತಾಳನ್ನು ಮಣೆಯ ಮೇಲೆ ಕೂರಿಸಿದರು. "ಕೂಸು ಮೊದಲ ಉಣ್ಣಲಿ. ನಮ್ದೇನ ಅವಸರ ಅದ?" ಎಂದರು. ಧಾರವಾಡದ ಕಡೆಯ ನಮಗೆ ಇದಕ್ಕಿಂತ ದೊಡ್ಡ ಮರ್ಯಾದೆ ಗೊತ್ತಿಲ್ಲ. ನಾವು ನಾಲ್ವರು ಸುತ್ತ ನಿಂತು ನೋಡುತ್ತಿದ್ದೆವು. ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕುಳಿತಳು. ಪಾಯಸ ಆರಿ ಗಟ್ಟಿಯಾಯಿತು. ಸಂಜೆ ಒಂದು ಲೋಟ ಹಾಲು ಕುಡಿದಳು, ಅಷ್ಟೇ.

ಶುಕ್ರವಾರ ಉಪ್ಪಿಟ್ಟು, ಅನ್ನ ತೊವ್ವೆ, ಬಿಸ್ಕತ್ತು, ಕೊನೆಗೆ ಗಿರೀಶ ಓಡಿ ತಂದ ಚಾಕೊಲೇಟು, ಎಲ್ಲದಕ್ಕೂ ಅದೇ ಗತಿ. ಮಧ್ಯಾಹ್ನ ಅವಳು ತಟ್ಟೆಯ ಮುಂದೆ ಕುಳಿತು ಮರಾಠಿಯಲ್ಲಿ ಗಟ್ಟಿಯಾಗಿ ಕೇಳಿದಳು: "ಸಗ್ಳೇ ಆಲೇ ಕಾ?" ಎಲ್ಲರೂ ಬಂದರಾ ಎಂದು. ಆಫೀಸಿಗೆ ಹೋದ ಅಣ್ಣನನ್ನು ಕೇಳುತ್ತಿದ್ದಾಳೆಂದುಕೊಂಡ ವೈನಿ, ಬರುತ್ತಾರೆ ಬರುತ್ತಾರೆ, ನೀನು ಉಣ್ಣು ಎಂದು ರಮಿಸಿದರು. ಮುಕ್ತಾ ಎದ್ದು ಹೋಗಿ ಮುಂಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಕುಳಿತಳು. ಎರಡು ಗಂಟೆ ಅಲ್ಲಿಂದ ಏಳಲಿಲ್ಲ.

ನನಗೆ ಹೆದರಿಕೆಯಾಯಿತು. ಉಪವಾಸದ ಮಗುವನ್ನು ಮುಂಬಯಿಯಿಂದ ಒಂಬತ್ತು ಗಂಟೆ ಹಾರುವ ವಿಮಾನಕ್ಕೆ ಹತ್ತಿಸುವುದು ಹೇಗೆಂಬ ಹೆದರಿಕೆ ಒಂದು ಕಡೆ. ನಿಜವಾದದ್ದು ಬೇರೆಯೇ ಇತ್ತು: ಅವಳಿಗೆ ನಾನು ಬೇಡವಾಗಿದ್ದೇನೆ, ಅದನ್ನು ಹೇಳಲು ಬಾರದೆ ಹೀಗೆ ಹೇಳುತ್ತಿದ್ದಾಳೆ. ಗಿರೀಶನ ಮುಂದೆ ಈ ಮಾತು ಆಡಲೂ ನಾಚಿಕೆಯಾಯಿತು.

ಶನಿವಾರ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ನಾನೊಬ್ಬಳೇ ಆಟೋ ಹಿಡಿದು ಸಂಸ್ಥೆಗೆ ಹೋದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶರಣವ್ವ ಕಲಬುರಗಿ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಕೊನೆಗೆ ಈ ಮಕ್ಕಳ ಮಾವಶಿಯಾಗಿ, ಚಿಕ್ಕಮ್ಮನಾಗಿ ನಿಂತವರು. ಹಿತ್ತಲಲ್ಲಿ ಸಣ್ಣ ಸಣ್ಣ ಚಡ್ಡಿಗಳನ್ನು ಮಳೆಯಿಂದ ಎತ್ತಿಕೊಳ್ಳುತ್ತಿದ್ದ ಅವರು ನನ್ನ ಕಥೆ ಪೂರ್ತಿ ಕೇಳಿ ನಕ್ಕೇಬಿಟ್ಟರು. ನೀವು ಕೂಸೊಂದನ್ನೇ ಕೂರಿಸಿ ಉಣಿಸಿದರೆ ಅದು ಹೇಗೆ ಉಂಡೀತು ಎಂದರು. ಇಲ್ಲಿ ಮೂವತ್ತೆರಡು ಮಕ್ಕಳದು ಒಂದೇ ಪಂಕ್ತಿ. ಎಲ್ಲರ ತಟ್ಟೆಗೂ ಬೀಳುವವರೆಗೆ ಯಾರೂ ಮುಟ್ಟುವಂತಿಲ್ಲ. ಪಂಕ್ತಿಯ ತುದಿಯ ಮಗು ಎಲ್ಲರೂ ಬಂದರಾ ಎಂದು ಕೂಗಬೇಕು, ಉಳಿದವರು ಬಂದೆವು ಎನ್ನಬೇಕು. ಆಮೇಲೆ ತುತ್ತು. ಎರಡು ತಿಂಗಳಿಂದ ತುದಿಯಲ್ಲಿ ಕೂರುತ್ತಿದ್ದದ್ದು ಮುಕ್ತಾಳೇ.

ಹಾಗಾದರೆ ಬಾಗಿಲಲ್ಲಿ ಅವಳು ಕಾಯುತ್ತಿದ್ದದ್ದು ಮೂವತ್ತೊಂದು ಮಕ್ಕಳನ್ನು. ಬರುತ್ತಾರೆ ಎಂದು ಹೇಳಿದವರು ನಾವೇ.

ಶರಣವ್ವ ಬಟ್ಟೆ ಕೆಳಗಿಟ್ಟರು. "ಸುಳ್ಳ ಹೇಳಿ ಉಣಸಬ್ಯಾಡ್ರಿ ಅಕ್ಕೋರೆ. ಯಾರೂ ಬರಂಗಿಲ್ಲ ಅಂತ ನೀವೇ ಹೇಳ್ರಿ. ಕೂಸು ಅತ್ತರ ಅಂಜಬ್ಯಾಡ್ರಿ. ಬಾಗಲಾ ನೋಡ್ಕೋತ ಕುಂತರ ಅಂಜ್ರಿ."

ವಾಪಸು ಬರುವಾಗ ಆಟೋದಲ್ಲಿ ನನ್ನ ಅರೆಬರೆ ಮರಾಠಿಯಲ್ಲಿ ವಾಕ್ಯ ಜೋಡಿಸಿಕೊಳ್ಳುತ್ತ ಬಂದೆ. ಐದು ವಾರ ಎಷ್ಟೆಲ್ಲ ಸಿಹಿ ಮಾತು ಕಲಿತಿದ್ದೆ. ತಾಯಿಯಾಗಿ ಮೊದಲು ಆಡಬೇಕಾದ ಮಾತು ಹೀಗಿರುತ್ತದೆಂದು ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಐದು ತಟ್ಟೆ ಹಾಕಿಸಿದೆ. ವೈನಿ ತಾವು ಬಡಿಸಿ ಆಮೇಲೆ ಉಣ್ಣುವುದಾಗಿ ಹೇಳಿದರು. ಮದುವೆಯಾದಾಗಿನಿಂದ ಅವರದು ಅದೇ ಪಾಠ. ಕೈಹಿಡಿದು ಕೂರಿಸಿದೆ. ಮುಕ್ತಾ ಐದು ತಟ್ಟೆಗಳನ್ನು ನೋಡಿ, ಬಾಗಿಲು ನೋಡಿ, ತನ್ನ ಪ್ರಶ್ನೆ ಕೂಗಿದಳು. ಅವರು ಯಾರೂ ಬರುವುದಿಲ್ಲ, ಅವರೆಲ್ಲ ಅಲ್ಲಿಯೇ ಉಣ್ಣುತ್ತಿದ್ದಾರೆ, ಇಲ್ಲಿ ನಾವಷ್ಟೇ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಒಂದೊಂದೇ ಹೆಸರು ಹಿಡಿದು ಕೇಳತೊಡಗಿದಳು. ರಾಜೂ? ಇಲ್ಲ. ಪಿಂಕೀ? ಇಲ್ಲ. ಒಂಬತ್ತು ಹೆಸರಿಗೆ ಒಂಬತ್ತು ಸಲ ಇಲ್ಲ ಎಂದೆ. ಹತ್ತನೆಯದನ್ನು ಕೇಳದೆ ಬಾಯಿ ತೆರೆದು ಅತ್ತಳು. ಅತ್ತದ್ದು ನನ್ನ ಮಡಿಲಲ್ಲಲ್ಲ, ವೈನಿಯ ಮಡಿಲಲ್ಲಿ. ನನಗೆ ಹೊಟ್ಟೆಕಿಚ್ಚಾಯಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ. ಅತ್ತು ಅತ್ತು ಅಲ್ಲೇ ಮಲಗಿದಳು. ಸಂಜೆ ಎದ್ದು ಅರ್ಧ ಬಾಳೆಹಣ್ಣು ತಿಂದಳು.

ಭಾನುವಾರ ಹನ್ನೊಂದಕ್ಕೆ ಮುಂಬಯಿಗೆ ಟ್ಯಾಕ್ಸಿ ಬಂತು. ವೈನಿ ಎರಡು ಡಬ್ಬಿ ಚಕ್ಕುಲಿ, ನಾಲ್ಕು ಸ್ವೆಟರು ಕೊಟ್ಟರು. ಇಂಗ್ಲೆಂಡಿನಲ್ಲಿ ಸ್ವೆಟರು ಸಿಗುವುದಿಲ್ಲವೆಂದು ಅವರ ಗಾಢ ನಂಬಿಕೆ. ಲೋಣಾವಳದ ಘಾಟಿನಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಮುಕ್ತಾ ಕಿಟಕಿಗೆ ಮೂಗು ಒತ್ತಿ ಕುಳಿತಿದ್ದಳು.

ಘಾಟು ಇಳಿದ ಮೇಲೆ ಹೆದ್ದಾರಿ ಬದಿಯ ಹೋಟೆಲಿನಲ್ಲಿ ನಿಲ್ಲಿಸಿದೆವು. ಭಾನುವಾರದ ಗದ್ದಲ. ಗಿರೀಶ ಟೋಕನ್ ತೆಗೆದುಕೊಂಡು ಮೂರು ಪ್ಲೇಟು ಇಡ್ಲಿ ವಡೆ ತಂದಿಟ್ಟು, ನೀರಿನ ಬಾಟಲಿಗೆಂದು ಮತ್ತೆ ಸಾಲಿಗೆ ಹೋದ. ನಾನು ಅವಳನ್ನು ತಿನ್ನು ಎನ್ನಲಿಲ್ಲ. ನಾನೂ ಮುಟ್ಟಲಿಲ್ಲ. ಇಬ್ಬರೂ ಕೈ ತೊಡೆಯ ಮೇಲಿಟ್ಟುಕೊಂಡು ಅವನ ಬೆನ್ನನ್ನೇ ನೋಡುತ್ತ ಕುಳಿತೆವು. ಸಾಂಬಾರು ಆರುತ್ತಿತ್ತು. ಪಕ್ಕದ ಮೇಜಿನ ಹೆಂಗಸು, ಮಗುವಿಗಾದರೂ ಕೊಡಿ ಎಂಬಂತೆ ನನ್ನನ್ನು ನೋಡಿದಳು.

ಗಿರೀಶ ಬಂದು ಕುಳಿತ. ಮುಕ್ತಾ ಬಾಗಿಲ ಕಡೆ ತಿರುಗಲಿಲ್ಲ. ಅವನನ್ನು ನೋಡಿದಳು, ಆಮೇಲೆ ನನ್ನನ್ನು.

"ಸಗ್ಳೇ ಆಲೇ ಕಾ?"

ಮಗುವಿಗಾಗಿ ಹನ್ನೊಂದು ವರ್ಷ ನಾನೂ ಒಂದು ಬಾಗಿಲು ನೋಡುತ್ತ ಕುಳಿತವಳೇ. ಗಿರೀಶ ನನ್ನ ಉತ್ತರಕ್ಕೆ ಕಾದ, ಅವಳೂ ಕಾದಳು.

"ಆಲೇ," ಎಂದೆ. ಮುಕ್ತಾ ಇಡ್ಲಿ ಮುರಿದಳು.