ಸಾಬಮ್ಮನ ಚಿತ್ರಕ್ಕೆ ಹಾಕಿದ ಸೊನ್ನೆ

ಸಾಬಮ್ಮ, ನಿನ್ನ ಚಿತ್ರ ನಿಜವಾಗಿತ್ತು. ನಿಜವೆಂದು ತಿಳಿದ ಮೇಲೂ ನಾನು ಹಾಕಿದ ಸೊನ್ನೆಯನ್ನು ಅಳಿಸಲಿಲ್ಲ. ಅಳಿಸಲು ಸಮಯವಿತ್ತು, ಕೈಯಲ್ಲಿ ಪೆನ್ನಿತ್ತು. ಅಳಿಸಲಿಲ್ಲ, ಅಷ್ಟೇ.

ಶಹಾಪುರದ ಕಾಲೇಜಿನಲ್ಲಿ ಆ ವರ್ಷ ಡಿಜಿಟಲ್ ಫೋಟೊಗ್ರಫಿ ಹೊಸ ವಿಷಯ. ಹೇಳಿಕೊಡುತ್ತಿದ್ದವಳು ನಾನು. ಇದ್ದದ್ದು ಒಂದೇ ಕ್ಯಾಮೆರಾ, ಸರದಿಯ ಮೇಲೆ ಒಬ್ಬೊಬ್ಬರಿಗೆ ಎರಡು ದಿನ. ಪ್ರಾಜೆಕ್ಟಿನ ಮೊದಲ ಭಾಗದಲ್ಲಿ ತೆಗೆದ ಚಿತ್ರವನ್ನು ತೆಗೆದ ಹಾಗೆಯೇ ಕೊಡಬೇಕು. ಎರಡನೆಯದರಲ್ಲಿ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು—ಆಕಾಶ ಬದಲಿಸಬಹುದು, ಗೆಳತಿಯನ್ನು ಚಂದ್ರನ ಮೇಲೆ ಕೂರಿಸಬಹುದು. ಮೊದಲ ಭಾಗದಲ್ಲೇ ಕೈಚಳಕ ತೋರಿಸಿದವರಿಗೆ ಸೊನ್ನೆ. ಎಲ್ಲರಿಗಿಂತ ಹೆಚ್ಚು ಅಂಕ ಬಂದ ಒಬ್ಬರಿಗೆ ಕಲಬುರಗಿಯಲ್ಲಿ ಆರು ತಿಂಗಳ ಉಚಿತ ತರಬೇತಿ. ಆ ಸೀಟಿನ ಮೇಲೆ ನಿನಗೆಷ್ಟು ಆಸೆಯಿತ್ತೆಂದು ನನಗೆ ಗೊತ್ತಿತ್ತು. ಮೊದಲ ದಿನವೇ ಕೇಳಿದ್ದೆಯಲ್ಲ—"ಹೆಣ್ಣಮಕ್ಕಳಿಗೂ ಕಳಸ್ತಾರೇನ್ರಿ ಮೇಡಮ್?"

"ಯಾಕ ಕಳಸಂಗಿಲ್ಲ? ಮೊದಲು ಚಲೋ ಫೋಟೊ ತಗಿ" ಎಂದಿದ್ದೆ.

ನೀನು ತೆಗೆದೆ. ನಡುವೆ ಕಾಲುವೆ. ಒಂದು ದಂಡೆಯ ಕೆಳಗೆ ಕಣ್ಣು ತಂಪಾಗುವಷ್ಟು ಭತ್ತ. ಇನ್ನೊಂದು ದಂಡೆಯ ಮೇಲೆ ಬೋಳು ಹೊಲ, ಒಂದು ಬಗ್ಗಿದ ಜಾಲಿಮರ, ಕೊಡ ಹೊತ್ತು ನಡೆಯುವ ಒಬ್ಬ ಹೆಂಗಸು. ಹಿಂದಿನ ವಾರವಷ್ಟೇ ನಾನು ಪಾಠ ಮಾಡಿದ್ದೆ—ಎರಡು ಚಿತ್ರ ಕೂಡಿಸುವಾಗ ಗೋಡೆಯೋ ರಸ್ತೆಯೋ ಬದುವೋ ಇರುವ ಕಡೆಯೇ ಕೂಡಿಸಿ, ಕೂಡಿಸಿದ್ದು ಕಾಣುವುದಿಲ್ಲ. ನಾನು ಕಲಿಸಿದ್ದನ್ನು ನನಗೇ ತಿರುಗಿಸಿದ್ದಾಳೆ ಎಂದು ಮೈಯೆಲ್ಲ ಉರಿದುಹೋಯಿತು. ಯಾದಗಿರಿ ಸ್ಟೇಷನ್ ಬಾಜೂ ಓಣಿಯವಳು ನಾನು. ಕಾಲುವೆಯನ್ನು ಬಸ್ಸಿನ ಕಿಟಕಿಯಿಂದ, ಅದೂ ತೂಕಡಿಸುತ್ತ ಕಂಡವಳು. ಆದರೂ ಗತ್ತಿಗೇನೂ ಕಡಿಮೆಯಿರಲಿಲ್ಲ.

"ಕಾಲುವಿ ಒಂದ. ಒಂದ ದಂಡಿಗೆ ಇಷ್ಟು ಹಸರು, ಇನ್ನೊಂದು ದಂಡಿಗೆ ಹುಲ್ಲಿನ ಕಡ್ಡಿ ಇಲ್ಲ? ಯಾರ ಮುಂದ ಹೇಳ್ತಿ ಈ ಕತಿ?"

"ಮೇಡಮ್, ನೀರು ಕೆಳಗ ಇಳಿತಾವ್ರಿ, ಮ್ಯಾಲ ಏರಂಗಿಲ್ಲ. ನಮ್ಮ ಹೊಲ ಮ್ಯಾಲಿನ ದಂಡಿಗೆ ಅದರಿ. ಆಕಿ ನಮ್ಮವ್ವ, ಮೆಣಸಿನ ಸಸಿಗೆ ನೀರು ಹೊರಾಕತ್ಯಾಳ."

"ಹಂಗಾದ್ರ ನಿಮ್ಮವ್ವನ್ನೂ ತಂದು ಅಂಟಿಸೀದಿ ಅನ್ನು."

ತರಗತಿ ನಕ್ಕಿತು. ನೀನು ಚಿತ್ರವನ್ನು ಮಡಿಚದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ನಿನ್ನ ಬೆಂಚಿಗೆ ಹೋದೆ.

ನಾಲ್ಕನೆಯ ದಿನ ಸಹೋದ್ಯೋಗಿಯೊಬ್ಬರ ಬಸುರಿ ಮಗಳ ಕುಬಸಕ್ಕೆಂದು ಕೆಂಭಾವಿಗೆ ಹೊರಟೆ. ಜೀಪು ಕಾಲುವೆಯ ಪಕ್ಕಕ್ಕೆ ಹೊರಳಿತು. ಕೆಳಗೆ ಭತ್ತ, ಮೇಲೆ ಬೋಳು ಹೊಲ. ಅದೇ ಬಗ್ಗಿದ ಜಾಲಿ. ಈ ಕಡೆ ಯಾಕೆ ಹೀಗೆ ಒಣಗಿದೆ ಎಂದು ಡ್ರೈವರನನ್ನು ಕೇಳಿದೆ—ಯಾಕೆ ಕೇಳಿದೆನೋ, ಉತ್ತರ ಆಗಲೇ ಗೊತ್ತಾಗಿತ್ತು.

"ಏನ್ ಕೇಳ್ತೀರಿ ಮೇಡಮ್, ಇದು ಕಾಲುವಿ ಮ್ಯಾಲಿನ ಹೊಲ. ನೀರಿಗೇನು ಕಾಲು ಬಂದಾವೇನು, ದಂಡಿ ಹತ್ತಾಕ?"

ಒಬ್ಬ ಹೆಂಗಸು ಕೊಡ ತಲೆಯ ಮೇಲಿಟ್ಟು ದಂಡೆ ಏರುತ್ತಿದ್ದಳು. ನಿಮ್ಮವ್ವನೇ ಇರಬೇಕು. ನಾನು ಮುಖ ಈಚೆಗೆ ತಿರುಗಿಸಿಕೊಂಡೆ.

ಮೊದಲ ಭಾಗದ ಅಂಕಪಟ್ಟಿ ಇನ್ನೂ ನನ್ನ ಚೀಲದಲ್ಲೇ ಇತ್ತು. ಪ್ರಿನ್ಸಿಪಾಲರ ಕೈಗೆ ಕೊಡಲು ಎರಡು ದಿನ ಬಾಕಿ. ಆದರೆ ಸೊನ್ನೆ ತಿದ್ದಿದರೆ ಆ ನಗುವನ್ನೂ ತಿದ್ದಬೇಕಿತ್ತು—ಅದೇ ತರಗತಿಯ ಮುಂದೆ ನಿಂತು, ನನಗೆ ತಿಳಿಯಲಿಲ್ಲ ಎನ್ನಬೇಕಿತ್ತು. ಮರುದಿನ ನೀನೇ ಬಂದೆ. ಕ್ಯಾಮೆರಾಕ್ಕೆ ಹಾಕಿದ್ದ ನಿನ್ನ ಮೆಮೊರಿ ಕಾರ್ಡನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ ತಂದಿದ್ದೆ. "ಮೂಲ ಫೋಟೊ ಇದರಾಗ ಅದರಿ. ಟೈಮ್ ಸಿಕ್ಕಾಗ ನೋಡ್ರಿ ಮೇಡಮ್."

ಆ ಪೊಟ್ಟಣವನ್ನು ನಾನು ಬಿಚ್ಚಲೂ ಇಲ್ಲ. ಎರಡು ದಿನ ಡ್ರಾಯರಿನಲ್ಲಿಟ್ಟು, ಪಟ್ಟಿ ಹೋದ ಮೇಲೆ ವಾಪಸು ಕೊಟ್ಟೆ. "ನೋಡೀನಿ. ಸೊನ್ನಿ ಬರೋಬ್ಬರಿ ಅದ" ಎಂದೆ.

ಹಾಳೆ ಬಿಚ್ಚಿರಲಿಲ್ಲವೆಂಬುದು ನಿನಗೆ ಕಂಡಿರಬೇಕು. ನೀನೇ ಸುತ್ತಿದ್ದು. ಆದರೂ "ಹೌದ್ರಿ ಮೇಡಮ್" ಎಂದೆ. ಕಲಬುರಗಿಗೆ ಬೇರೆಯವರು ಹೋದರು. ಎರಡನೆಯ ಭಾಗ ನೀನು ಕೊಡಲೇ ಇಲ್ಲ; ಕ್ಯಾಮೆರಾ ಸರದಿ ಮತ್ತೆ ನಿನಗೆ ಬಂದಾಗ ಬೇಡವೆಂದೆಯಂತೆ.

ಹೋದ ವಾರ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಬಂದೆ. ಕಾಲು ಮುಟ್ಟಿದೆ. ಜೊತೆಗೆ ಎಂಟು ವರ್ಷದ ಮಗಳು. ಅವಳಿಗೆ ನನ್ನನ್ನು ತೋರಿಸಿ ನಗುತ್ತ ಹೇಳಿದೆ—"ಇವರ ನೋಡವಾ ನಮ್ಮ ಮೇಡಮ್ನೋರು. ಕಾಲೇಜಿನ್ಯಾಗ ನಾ ಫೋಟೊ ಅಂಟಿಸಿ ಕೊಟ್ಟಿದ್ದೆ, ಒಂದ ನದರಿಗೆ ಹಿಡದ್ರು."

ಹುಡುಗಿ ನಿನ್ನ ಮುಖ ನೋಡಿದಳು. "ಖರೇನ ಯವ್ವಾ? ನೀ ಮೋಸ ಮಾಡಿದ್ದಿ?"

"ಮಾಡಿದ್ದೆ ಬಿಡವಾ. ಆಗ ತಿಳುವಳಿಕಿ ಇರಲಿಲ್ಲ."

ನನ್ನ ಮಾನ ಕಾಯಲೆಂದು ಹಾಗೆಂದೆಯೋ, ಎಲ್ಲರೂ ಅದನ್ನೇ ಅಂದೂ ಅಂದೂ ಕೊನೆಗೆ ನಿನಗೇ ಹಾಗನ್ನಿಸಿತೋ—ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ನಿಜ ಹೇಳಲು ಒಂದೇ ಮಾತು ಸಾಕಿತ್ತು. ನಾನು ಹುಡುಗಿಯ ಗಲ್ಲ ಸವರಿ, ನಕ್ಕು, ಸುರಪುರದ ಬಸ್ಸು ಹತ್ತಿದೆ. ಕಿಟಕಿಯಿಂದ ಕೈ ಬೇರೆ ಬೀಸಿದೆ. ನಾಚಿಕೆಯಾಗುತ್ತದೆ ಸಾಬಮ್ಮ, ಬರೆಯುವಾಗಲೂ.

ಇದನ್ನು ಅಂಚೆಗೆ ಹಾಕುವುದಿಲ್ಲ. ಕ್ಷಮಿಸು ಎಂದು ಕೇಳುವುದೂ ಇಲ್ಲ. ಹೋದ ಸೀಟನ್ನು ತಂದುಕೊಡಲು ನನ್ನಿಂದ ಆಗದು. ಭಾನುವಾರ ನಾನೇ ನಿಮ್ಮೂರಿಗೆ ಬರುತ್ತೇನೆ. ಅಂದು ಮಗಳೂ ಮನೆಯಲ್ಲೇ ಇದ್ದರೆ ಸಾಕು. ಅವಳ ಅವ್ವ ಮೋಸ ಮಾಡಿರಲಿಲ್ಲ ಎಂದು ನಿನ್ನೆದುರಿಗೇ ಅವಳಿಗೆ ಹೇಳಬೇಕು. ಮಾಡಿದವರು ಯಾರು ಎಂದು ಅವಳು ಕೇಳಿದರೆ, ಅದಕ್ಕೂ ಉತ್ತರ ಕೊಡಬೇಕು.