ಸಮುದ್ರಕ್ಕೆ ಉಸಿರು ಕೊಟ್ಟ ಮಧ್ಯಾಹ್ನ

ಕಳೆದ ಮಂಗಳವಾರ ಐದು ತಾಸು ಸಮುದ್ರದ ನೀರಲ್ಲಿ ಕೈಯಾಡಿಸಿದೆ. ಶಹಾಪುರದಲ್ಲಿ. ನಮ್ಮ ಮನೆಯ ಹಾಲ್‌ನಲ್ಲಿ.

ನಗಬೇಡಿ, ನಮ್ಮ ಮನೆಯಲ್ಲಿ ಸಮುದ್ರವಿದೆ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಕಲ್ಲು, ಕಲ್ಲಿನ ಮೇಲೆ ಜೀವಂತ ಹವಳ, ಅದರ ಸುತ್ತ ಕಿತ್ತಳೆ ಬಣ್ಣದ ಎರಡು ಮೀನು ಮತ್ತು ಒಂದು ಸೀಗಡಿ. (ಹವಳ ಅಂದರೆ ಉಂಗುರದ ಹರಳು ಅಂತ ನಾನೂ ತಿಳಿದಿದ್ದೆ. ಅದು ಪ್ರಾಣಿ. ಹಸಿರು ಬೆರಳು ಚಾಚಿಕೊಂಡು ನೀರಿನ ಜೊತೆ ತೂಗುತ್ತಿರುತ್ತದೆ.)

ಇದು ನನ್ನ ಗಂಡನ ಹುಚ್ಚು. ಭೀಮರಾಯನಗುಡಿಯ ಕಾಲುವೆ ಆಫೀಸಿನಲ್ಲಿ ಅವರಿಗೆ ಕೆಲಸ. ದಿನವಿಡೀ ನೀರು ಬಿಡುವ, ನೀರು ನಿಲ್ಲಿಸುವ ಮಾತು. ಮನೆಗೆ ಬಂದರೆ ಮತ್ತೆ ನೀರಿನ ಮುಂದೆಯೇ ಕುರ್ಚಿ. ಆರು ವರ್ಷದಿಂದ ಹೀಗೆ. ನಾನು ಆ ಕಡೆ ತಲೆ ಹಾಕಿದವಳಲ್ಲ. ಗಾಜು ಒರೆಸಿದ್ದೇನೆ, ಅಷ್ಟೇ.

ಅಂದು ಅವರು ಕಾಲುವೆ ರಿಪೇರಿ ನೋಡಲು ಕೆಂಭಾವಿ ಕಡೆ ಹೋದರು. ನನಗೆ ಶಾಲೆಯ ಬೇಸಿಗೆ ರಜೆ. ಒಂಬತ್ತರ ಹೊತ್ತಿಗೆ ಗಾಳಿ ಎದ್ದಿತು, ಎಲ್ಲೋ ಕಂಬ ಬಿತ್ತು, ಕರೆಂಟ್ ಹೋಯಿತು. ಸಂಜೆಗೆ ಬರಬಹುದು ಅಂದ ಲೈನ್‌ಮನ್. ಮೇ ತಿಂಗಳು. ನಮ್ಮ ಕಡೆಯ ಬಿಸಿಲನ್ನು ನಿಮಗೆ ವರ್ಣಿಸಬೇಕೇ?

ತೊಟ್ಟಿ ಕತ್ತಲಾಯಿತು. ಗಂಡ ಜೀವ ಇಟ್ಟಿರುವ ಜಾಗ ಕತ್ತಲಲ್ಲಿದ್ದರೆ ಹೇಗೆ? ಇನ್ವರ್ಟರಿನಿಂದ ಎಳೆದಿದ್ದ ವೈರಿನಲ್ಲಿ ಒಂದೇ ಪ್ಲಗ್ಗಿಗೆ ಜಾಗವಿತ್ತು. ನಾನು ಲೈಟಿನ ಪ್ಲಗ್ ಸಿಕ್ಕಿಸಿದೆ. ನೀಲಿ ಬೆಳಕು ಹರಡಿತು. ಏನೋ ದೊಡ್ಡ ಕೆಲಸ ಮಾಡಿದೆ ಅನ್ನಿಸಿ ಚಹಾ ಮಾಡಿಕೊಂಡು ಕುಡಿದೆ.

ನೀರಿನ ಸದ್ದು ನಿಂತಿದೆ ಅನ್ನುವುದು ಮಾತ್ರ ನನ್ನ ಕಿವಿಗೆ ಬೀಳಲೇ ಇಲ್ಲ.

ಹನ್ನೆರಡಕ್ಕೆ ಇನ್ವರ್ಟರ್ ಕೂಗಿ ಕೂಗಿ ಸುಮ್ಮನಾಯಿತು. ಆಗಲೇ ಮಲ್ಲಮ್ಮ ಬಂದಳು, ನಮ್ಮ ಓಣಿಗೆ ಮೊಸರು ತರುವವಳು. ಅವಳ ಗಂಡ ಕುರಿ ಮೇಯಿಸುತ್ತಾನೆ. ಮೊಸರು ಅಳೆದು ಕೊಟ್ಟು, ತೊಟ್ಟಿಯ ಕಡೆ ನೋಡಿ ನಿಂತುಬಿಟ್ಟಳು.

"ಅಕ್ಕೋರ, ನಿಮ್ಮ ಮೀನು ಮ್ಯಾಲ ಬಂದು ಬಾಯಿ ಬಿಡಾಕತ್ಯಾವಲ್ರಿ."

ಹೌದು. ಎರಡೂ ನೀರಿನ ಮೇಲಂಚಿಗೆ ಬಂದು ಬಾಯಿ ತೆರೆಯುತ್ತಿದ್ದವು. ಹವಳದ ಬೆರಳುಗಳು ಒಳಗೆ ಸೇದಿಹೋಗಿದ್ದವು. ಗಂಡನಿಗೆ ಫೋನ್ ಹಚ್ಚಿದೆ. ನಾಲ್ಕನೇ ಸಲಕ್ಕೆ ಸಿಕ್ಕರು.

"ಲೈಟ್ ಯಾಕ ಹಚ್ಚಿದಿ?" ಅಂದರು. "ಬೆಳಕಿಲ್ದೆ ಒಂದೆರಡು ದಿನ ಇರ್ತಾವ ಅವು. ಸಮುದ್ರದಾಗೂ ಮೋಡ ಕವೀತಾವ. ನೀರು ಆಡಬೇಕು, ಗಾಳಿ ಸೇರಬೇಕು. ಸಣ್ಣ ಪಂಪ್ ಹಚ್ಚಿದ್ದಿದ್ರ ಸಂಜೀತನ ನಡೀತಿತ್ತು."

"ಈಗೇನ್ ಮಾಡ್ಲಿರಿ?"

"ನೀರು ಎತ್ತಿ ಎತ್ತಿ ಮ್ಯಾಲಿಂದ ಸುರಿ. ಸಾಬೂನು ಮುಟ್ಟಿದ ಕೈ ಹಾಕಬ್ಯಾಡ. ಗಡಿಗಿ ತಣ್ಣೀರು ಬಾಟ್ಲಿಗೆ ತುಂಬಿ, ಮುಚ್ಚಳ ಬಿಗಿದು ತೇಲಿಬಿಡು. ಬಿಸಿ ಆಗಬಾರದು." ಲೈನ್ ಕಡಿದುಹೋಯಿತು.

ಫೋನಿನ ಮಾತು ಪಕ್ಕದಲ್ಲಿದ್ದವಳಿಗೂ ಕೇಳಿಸಿತ್ತು. ಮಲ್ಲಮ್ಮ ಬಚ್ಚಲಿಗೆ ಹೋಗಿ ಬರೀ ನೀರಿನಲ್ಲಿ ಮೊಳಕೈವರೆಗೆ ತೊಳೆದುಕೊಂಡು ಬಂದಳು. "ಒಂದು ಚೆರಿಗಿ ಕೊಡ್ರಿ," ಅಂದಳು.

"ನಿನ್ನ ಮೊಸರು?"

"ಮೊಸರಿಗೇನ್ ಉಸಿರು ಕಟ್ತದೇನ್ರಿ?"

ಹೀಗೆ ಶುರುವಾಯಿತು. ಅವಳು ಐವತ್ತು ಸಲ, ನಾನು ಐವತ್ತು ಸಲ. ಚೆರಿಗೆ ಮುಳುಗಿಸು, ಮೇಲೆತ್ತು, ಸುರಿ. ಗಾಜಿನ ಸುತ್ತ ಒದ್ದೆ ಟವೆಲ್. ಬಾಟಲಿ ಬೆಚ್ಚಗಾದರೆ ಇನ್ನೊಂದು. ಮೊದಲು ಇಬ್ಬರೂ ಮಾತಾಡಿದೆವು. ಆಮೇಲೆ ನೀರೇ ಮಾತಾಡಿತು. ಓಣಿಯಲ್ಲಿ ಒಂದು ಫ್ಯಾನೂ ಇಲ್ಲ, ಟಿವಿ ಇಲ್ಲ. ಕಿಟಕಿಯ ಪರದೆಯ ಸಂದಿಯಿಂದ ಬಂದ ಬಿಸಿಲಿನ ಗೆರೆ ನೀರಿಗಿಳಿದು, ಮುರಿದು, ಗೋಡೆ ಹತ್ತಿ, ನಮ್ಮಿಬ್ಬರ ಮುಖದ ಮೇಲೂ ಅಲೆ ಆಡಿತು. ನನಗೆ ಸಣ್ಣಗೆ ಮಂಪರು. ಕೈ ಮಾತ್ರ ತನ್ನಷ್ಟಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು.

ಮಲ್ಲಮ್ಮ ಬೆರಳು ನಾಲಿಗೆಗೆ ಹಚ್ಚಿಕೊಂಡಳು. "ಉಪ್ಪು ಅದರಿ. ಖರೇನ ಸಮುದ್ರದ ನೀರೇನ್ರಿ?"

"ಅಲ್ಲ, ನಮ್ಮ ಕಾಲುವಿ ನೀರು. ಸೋಸಿ, ಉಪ್ಪು ಬೆರೆಸ್ತಾರ."

"ಅಂದ್ರ ಕೃಷ್ಣಿ."

ಕೃಷ್ಣೆಯೇ. ಸಮುದ್ರಕ್ಕೆ ಅಂತ ಹೊರಟ ನದಿ. ಅಣೆಕಟ್ಟು ತಡೆಯಿತು, ಕಾಲುವೆ ಈ ಕಡೆ ತಿರುಗಿಸಿತು, ಹತ್ತಿ ಮೆಣಸಿನಕಾಯಿಗೆ ಹರಿಯಿತು, ನಮ್ಮ ನಲ್ಲಿಗೂ ಬಂತು. ಅದರಲ್ಲಿ ಇಪ್ಪತ್ತು ಕೊಡ ಮಾತ್ರ ಈ ಹಾಲ್‌ನಲ್ಲಿ ಸಮುದ್ರವಾಗಿ ಕುಳಿತಿದೆ. ಆರು ವರ್ಷ ಪಕ್ಕದಲ್ಲೇ ಓಡಾಡಿದ ನನಗೆ ಇದು ಹೊಳೆದಿರಲಿಲ್ಲ.

"ನಾ ಸಮುದ್ರ ನೋಡಿಲ್ರಿ," ಅಂದಳು ಮಲ್ಲಮ್ಮ.

"ನಾನೂ ನೋಡಿಲ್ಲ."

ಅವಳು ನನ್ನ ಮುಖ ನೋಡಿ ನಕ್ಕಳು. (ಟೀಚರ್ ಆದವಳು ಎಲ್ಲಾ ನೋಡಿರುತ್ತಾಳೆ ಅಂತ ಅವಳ ಅಂದಾಜು.) ಆಮೇಲೆ ಒಂದು ಕುರಿಮರಿಯ ಕಥೆ ಹೇಳಿದಳು. ಹುಟ್ಟಿದಾಗ ಉಸಿರೇ ಇರಲಿಲ್ಲವಂತೆ. ಮೂಗು ಒರೆಸಿ, ಪಕ್ಕೆ ತಿಕ್ಕುತ್ತಾ ಕುಳಿತಳಂತೆ. ಗಂಡ ಬಿಡು ಅಂದರೂ ಬಿಡಲಿಲ್ಲವಂತೆ. "ಕೈ ತೆಗದ್ರ ಹೋಗ್ತದ ಅನಿಸ್ತಿತ್ರಿ. ಅದಕ್ಕ ತೆಗೀಲಿಲ್ಲ."

ಐದೂವರೆಗೆ ಟ್ಯೂಬ್‌ಲೈಟ್ ಮಿಣುಕಿತು. ಪಂಪ್ ಗುರುಗುಟ್ಟಿತು. ಇಬ್ಬರೂ ತೊಟ್ಟಿಗೆ ಒರಗಿ ಕುಳಿತೆವು. ಮಾರದೆ ಉಳಿದ ಮೊಸರು ಹುಳಿಯಾಗಿತ್ತು. ಅಷ್ಟೂ ಮೊಸರು ನಾನೇ ಇಟ್ಟುಕೊಂಡೆ. ಅವಳು ಬುಟ್ಟಿ ಎತ್ತಿಕೊಂಡು, "ನಾಳಿ ಬಂದು ನೋಡ್ತೀನ್ರಿ," ಅಂದು ಹೋದಳು.

ಏಳಕ್ಕೆ ಅವರು ಬಂದರು. ಚಪ್ಪಲಿ ಬಿಟ್ಟವರೇ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಮೀನು ಎರಡೂ ಇದ್ದವು. ಕಲ್ಲಿನ ಹಿಂದೆ ಸೀಗಡಿ ಮಗುಚಿ ಬಿದ್ದಿತ್ತು. ಅದನ್ನು ಮೆಲ್ಲಗೆ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ಹವಳ ಮುದುಡಿಯೇ ಇತ್ತು. (ಮೂರನೇ ದಿನ ಅರಳಿತು. ಮಲ್ಲಮ್ಮನೇ ಮೊದಲು ನೋಡಿದ್ದು.)

ಬೈಗುಳಕ್ಕೆ ಕಾದೆ. "ಪ್ಲಗ್ ತಪ್ಪು ಹಾಕಿದೆ," ಅಂದೆ.

"ನಾ ನಿನಗ ಎಂದೂ ಹೇಳಿಕೊಟ್ಟಿದ್ದಿಲ್ಲ," ಅಂದರು. "ಆರು ವರ್ಷ ಆತು. ಒಮ್ಮಿನೂ ಹೇಳಲಿಲ್ಲ."

ನಾನೂ ಕೇಳಿರಲಿಲ್ಲವಲ್ಲ? ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಬೆರಳೆಲ್ಲ ಬೆಳ್ಳಗೆ ನಿರಿಗೆಗಟ್ಟಿತ್ತು. ಆಮೇಲೆ ಒಂದೊಂದೇ ವೈರ್ ಮುಟ್ಟಿಸುತ್ತಾ, ಯಾವುದು ಉಸಿರಿಗೆ, ಯಾವುದು ಬೆಳಕಿಗೆ ಅಂತ ನಿಧಾನವಾಗಿ ತೋರಿಸಿದರು.

ನೀವು ಜೀವ ಇಟ್ಟಿರುವುದನ್ನು ನೀವಿಲ್ಲದ ಹೊತ್ತಿನಲ್ಲಿ ಹೇಗೆ ಉಳಿಸಬೇಕು ಅಂತ ಮನೆಯಲ್ಲಿ ಯಾರಿಗಾದರೂ ಹೇಳಿದ್ದೀರಾ?