ಎರಡು ಕೈಗಳ ಮೊಳ

ಇಂದು ಪಕ್ಕದ ಶಾಲೆಯ ಮಕ್ಕಳು ಕಾಗದದ ವಿಮಾನಗಳನ್ನು ಹಾರಿಸುವುದನ್ನು ಕಂಡೊಡನೆ, ನನ್ನ ಮನಸ್ಸು ಮೊಳಕಾಲ್ಮೂರಿನ ನಮ್ಮ ಶಾಲೆಯ ಬಯಲಿಗೆ ಹೋಯಿತು.

ನಿಜವಾದ ವಿಮಾನವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಮೇಷ್ಟರು ಸ್ಪರ್ಧೆ ಏರ್ಪಡಿಸಿದ್ದರು. ಗೆದ್ದವರಿಗೆ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿಯಿದ್ದ ಪೆನ್ಸಿಲು. ಕೊನೆಗೆ ಉಳಿದವರು ನಾನು ಮತ್ತು ಗೆಳತಿ ಜುಬೇದಾ. ಗಾಳಿಗೆ ಸಿಕ್ಕಿ ನನ್ನ ವಿಮಾನ ಬಾವಿಯ ಕಡೆಗೂ ಅವಳದು ಹುಣಸೆಮರದ ಕಡೆಗೂ ಹೋಗಿ ಬಿದ್ದವು.

ಅಳೆಯಲು ಬಂದವರು ಸೀರೆ ನೇಯುವ ನನ್ನ ಅಪ್ಪ. ಅವರು ಹಾಕಿದ ಮೊಳವನ್ನು ಊರಿನಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಜುಬೇದಾಳದು ಇಪ್ಪತ್ತು ಮೊಳವಾಯಿತು. ನನ್ನ ಸರದಿ ಬಂದಾಗ ಅಪ್ಪ ಹಿಂದೆ ಸರಿದರು.

"ಸ್ವಂತ ಮಗಳ್ದು ನಾ ಅಳೆಯೋದು ಚೆನ್ನಾಗಿರಲ್ಲ, ನೀವೇ ಅಳೀರಿ ಮೇಷ್ಟ್ರೇ."

ಮೇಷ್ಟರು ಅಳೆದರು, ಹತ್ತೊಂಬತ್ತಾಯಿತು. ಪೆನ್ಸಿಲು ಜುಬೇದಾಳ ಕೈ ಸೇರಿತು, ನಾನು ಅಳತೊಡಗಿದೆ. ಆಗ ಅಪ್ಪ ತಮ್ಮ ಮೊಳಕೈಯನ್ನು ಮೇಷ್ಟರ ಮೊಳಕೈಗೆ ಜೋಡಿಸಿ ನೋಡಿದರು. ಮೇಷ್ಟರದು ಒಂದು ಬೆರಳೋ ಎರಡು ಬೆರಳೋ ಹೆಚ್ಚು ಉದ್ದವಿತ್ತು.

"ಅಯ್ಯೋ, ಇನ್ನೊಂದ್ಸಲ ಅಳೀಬೇಕಲ್ರಿ!" ಎಂದರು ಅಪ್ಪ.

ಅಷ್ಟರಲ್ಲಿ ಮಕ್ಕಳು ನಮ್ಮಿಬ್ಬರ ವಿಮಾನಗಳನ್ನೂ ಎತ್ತಿಕೊಂಡು ಮತ್ತೆ ಹಾರಿಸುತ್ತಿದ್ದರು.

ಇಂದು ಕುಳಿತು ಲೆಕ್ಕ ಹಾಕಿದೆ. ಅಪ್ಪನ ಮೊಳಕ್ಕೆ ಇಪ್ಪತ್ತನಾಲ್ಕು ಬೆರಳು. ಹೆಚ್ಚಿದ್ದುದು ಒಂದು ಬೆರಳಾದರೆ ಗೆದ್ದವಳು ಜುಬೇದಾ, ಎರಡಾದರೆ ನಾನು. ಉತ್ತರ ಸಿಗದೆ ಚಳ್ಳಕೆರೆಯಲ್ಲಿರುವ ಅವಳಿಗೇ ಫೋನು ಮಾಡಿದೆ.

"ಒಂದೇ ಬೆರಳು ಕಣೇ, ನಂಗೆ ಚೆನ್ನಾಗಿ ನೆನಪೈತೆ," ಎಂದಳು.

ಅವಳನ್ನು ನಂಬಬೇಕೋ ಬೇಡವೋ, ತಿಳಿಯುತ್ತಿಲ್ಲ.